ಅಕ್ಕಿ ಮೂಟೆಗೊಂದು ಗುಳಿಗೆ ಇಟ್ಟರೆ ಸಾಕೇ? ಮನೆಯ ಹುಳ, ಇಲಿ, ಸೊಳ್ಳೆಗಳ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು

ಕಳೆದ ಸುಗ್ಗಿ ಮುಗಿದ ಹೊತ್ತಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಯಾರದೋ ಗಂಡಸಿನ ದನಿ, ಊರು ಹೆಸರು ಇಲ್ಲ. "ಅಕ್ಕಿ, ಅವರೆಕಾಳು, ತೊಗರಿ ಮೂಟೆಗೆ ಒಂದೊಂದು ಗುಳಿಗೆ ಇಡಿ. ಬಾಗಿಲು ಹಾಕಿ ಮಲಗಿ. ಬೆಳಗ್ಗೆ ಒಂದು ಹುಳ ಇರಲ್ಲ, ಇಲೀನೂ ಇರಲ್ಲ. ಎಲ್ಲ ರೈತರಿಗೂ ಕಳಿಸಿ." ಕಳಿಸಿದವರು ಮಾಗಡಿ ತಾಲ್ಲೂಕು ತಿಪ್ಪಸಂದ್ರ ಹೋಬಳಿಯ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ. (ಬೆಂಗಳೂರಿನ ಇಂದಿರಾನಗರದ ಪಕ್ಕದ ತಿಪ್ಪಸಂದ್ರ ಅಲ್ಲ, ಪ್ರತಿ ಸಲ ಇದನ್ನು ಹೇಳಬೇಕಾಗುತ್ತದೆ.) ಕೆಳಗೆ ಒಂದು ಸಾಲು ಬರೆದಿದ್ದರು: "ಇದು ದಿಟವೇನವ್ವ? ಓದಿದೋಳು ನೀನು, ನೋಡಿ ಹೇಳು."

ಫೋನ್ ಮಾಡಿದೆ. "ಆಗ್ಲೇ ತಂದಿದೀನಿ ಕಣವ್ವ, ಎರಡು. ಅಂಗಡಿಯೋರು ಪೇಪರಲ್ಲಿ ಸುತ್ತಿ ಕೊಟ್ರು. ಅಡುಗೆಮನೆ ಗೂಡಲ್ಲಿ ಇಟ್ಟಿದೀನಿ" ಅಂದರು. ಮೂಟೆಗಳಿರುವ ಕೋಣೆಯಲ್ಲೇ ಇಬ್ಬರು ಮೊಮ್ಮಕ್ಕಳು ಮಲಗುತ್ತಾರೆ. ಚಳಿಗೆ ಕಿಟಕಿ ಹಾಕಿರುತ್ತದೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಗುಳಿಗೆ ಹುಳವನ್ನೂ ಇಲಿಯನ್ನೂ ಕೊಲ್ಲುತ್ತದೆ ಎಂಬುದು ನಿಜ. ಅದೇ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು ಎಂಬುದನ್ನು ಆ ಮೆಸೇಜ್ ಹೇಳುವುದಿಲ್ಲ.

ಆ ಗುಳಿಗೆ ಯಾವುದು?

ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಹಳ್ಳಿಗಳಲ್ಲಿ ಕಾಳಿನ ಗುಳಿಗೆ, ಗೋದಾಮಿನ ಮಾತ್ರೆ ಎಂದೆಲ್ಲ ಕರೆಯುತ್ತಾರೆ. ಗುಳಿಗೆ ತಾನಾಗಿ ಏನೂ ಮಾಡುವುದಿಲ್ಲ. ಗಾಳಿಯಲ್ಲಿರುವ ತೇವ ತಾಗಿದಾಗ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಫಾಸ್ಫೀನ್ ಬರುತ್ತದೆ.

1 ಗ್ರಾಂ ಅಂದರೆ ಎಷ್ಟು ಅಪಾಯ? ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಒಂದು ಗುಳಿಗೆಯ ಅನಿಲವೆಲ್ಲ ಆ ಕೋಣೆಯಲ್ಲೇ ಉಳಿದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ ಫಾಸ್ಫೀನ್ ಆಗುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಕೆಲಸ ಮಾಡುವ ಆರೋಗ್ಯವಂತ ಕಾರ್ಮಿಕರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ಹಾಕಿರುವ ಮಿತಿ 0.3 ಭಾಗ. ಅಂದರೆ ಒಂದೇ ಗುಳಿಗೆಯಿಂದ ಮಿತಿಯ ಎಂಬತ್ತು ಪಟ್ಟು. ಅದೇ ಸಂಸ್ಥೆ 50 ಭಾಗವನ್ನು "ತಕ್ಷಣ ಜೀವಕ್ಕೆ ಅಪಾಯ" ಎಂಬ ಮಟ್ಟವೆಂದು ಗುರುತಿಸಿದೆ. ದೊಡ್ಡಮ್ಮನ ಅಡುಗೆಮನೆ ಗೂಡಿನಲ್ಲಿ ಇದ್ದದ್ದು ಎರಡು ಗುಳಿಗೆ. ನಿಜವಾದ ಕೋಣೆಯಲ್ಲಿ ಸಂದಿಗೊಂದಿಗಳಿಂದ ಒಂದಿಷ್ಟು ಅನಿಲ ಹೊರಗೆ ಹೋಗುತ್ತದೆ, ಎಲ್ಲವೂ ಒಟ್ಟಿಗೇ ಬರುವುದಿಲ್ಲ ಎಂಬುದು ಸರಿ. ಆದರೆ ಮಗುವಿನ ಪುಟ್ಟ ದೇಹ ಕಾರ್ಮಿಕನ ದೇಹವೂ ಅಲ್ಲ.

"ವಾಸನೆ ಬಂದರೆ ಗೊತ್ತಾಗುತ್ತದಲ್ಲ" ಎಂದು ಕೆಲವರು ಹೇಳುತ್ತಾರೆ. ಮಾರಾಟದ ಗುಳಿಗೆಯ ಅನಿಲಕ್ಕೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಇರುತ್ತದೆ, ನಿಜ. ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ಮಲಗಿ ನಿದ್ದೆ ಹೋದವರಿಗೆ ಯಾವ ವಾಸನೆಯನ್ನೂ ನಂಬಿ ಕೂರಲಾಗದು. ವಾಂತಿ, ತಲೆನೋವು, ಎದೆ ಬಿಗಿತ, ಉಸಿರು ಕಟ್ಟುವುದು ಇದರ ಲಕ್ಷಣಗಳು. ಮನೆಮಂದಿಗೆಲ್ಲ ಒಟ್ಟಿಗೇ ವಾಂತಿಯಾದರೆ ನಾವು ರಾತ್ರಿಯ ಸಾರನ್ನು ಬೈಯುತ್ತೇವೆ, ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತೇವೆ. ಫಾಸ್ಫೀನ್‌ಗೆ ಪ್ರತಿವಿಷ ಎಂಬುದು ಇಲ್ಲ. ಆಸ್ಪತ್ರೆಯಲ್ಲಿ ಹೃದಯ, ರಕ್ತದೊತ್ತಡ, ಉಸಿರಾಟವನ್ನು ಹಿಡಿದಿಡುವ ಚಿಕಿತ್ಸೆ ಮಾತ್ರ ಸಾಧ್ಯ.

ನಮ್ಮ ಕಡೆಯ ಒಣ ಹವೆಯಿಂದ ಇನ್ನೊಂದು ಮೋಸ ಆಗುತ್ತದೆ. ಮಾಗಡಿ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು, ಕೃಷಿ ಲೆಕ್ಕದಲ್ಲಿ ಕರ್ನಾಟಕದ ಪೂರ್ವ ಒಣ ವಲಯ. ಬೇಸಿಗೆಯ ಒಣ ಗಾಳಿಯಲ್ಲಿ, ಚೆನ್ನಾಗಿ ಒಣಗಿದ ಕಾಳಿನ ನಡುವೆ ಗುಳಿಗೆ ನಿಧಾನವಾಗಿ ಕರಗುತ್ತದೆ. ಎರಡು ದಿನ ಏನೂ ಆಗಲಿಲ್ಲವಲ್ಲ ಎಂದು ಜನ ನಿಶ್ಚಿಂತರಾಗುತ್ತಾರೆ. ಮೂರನೇ ದಿನ ಮಳೆ ಬಂದು ಗಾಳಿ ತೇವವಾದರೆ ಉಳಿದದ್ದೆಲ್ಲ ಚುರುಕಾಗುತ್ತದೆ. ಬೂದಿಯಂತೆ ಪುಡಿಯಾದ ಗುಳಿಗೆಯಲ್ಲೂ ವಿಷ ಉಳಿದಿರಬಹುದು.

ಹಾಗಾದರೆ ಸರ್ಕಾರಿ ಗೋದಾಮುಗಳಲ್ಲಿ ಇದನ್ನೇ ಬಳಸುತ್ತಾರಲ್ಲ? ಬಳಸುತ್ತಾರೆ. ಒಂದು ಟನ್ ಧಾನ್ಯಕ್ಕೆ, ಅಂದರೆ 50 ಕೆಜಿಯ ಇಪ್ಪತ್ತು ಮೂಟೆಗೆ, ಎರಡು ಮೂರು ಗುಳಿಗೆ ಲೆಕ್ಕ. ಮೂಟೆಗಳ ರಾಶಿಯ ಮೇಲೆ ಗಾಳಿ ಆಡದ ಹೊದಿಕೆ ಹಾಕಿ, ಅಂಚು ಮುಚ್ಚಿ, ದಿನಗಟ್ಟಲೆ ಬಿಟ್ಟು, ಆಮೇಲೆ ಗಾಳಿಯಾಡಿಸುತ್ತಾರೆ. ಅಲ್ಲಿ ಯಾರೂ ಮಲಗುವುದಿಲ್ಲ. ಭಾರತದಲ್ಲಿ ಈ ಗುಳಿಗೆಯನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಇರುವ ಕೀಟ ನಿಯಂತ್ರಣದವರು ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. 10 ಮತ್ತು 20 ಗುಳಿಗೆಗಳ ಸಣ್ಣ ಕೊಳವೆಗಳನ್ನು 2001ರಲ್ಲೇ ನಿಷೇಧಿಸಲಾಗಿದೆ. ಅಂಗಡಿಯವರು ಪೇಪರಿನಲ್ಲಿ ಸುತ್ತಿ ಬಿಡಿಯಾಗಿ ಕೊಟ್ಟರೆ ಅದು ಉಪಕಾರವಲ್ಲ, ಕಾನೂನು ಮೀರಿದ ಮಾರಾಟ. ನಮ್ಮ ದೊಡ್ಡಪ್ಪ ಮರುದಿನ ಆ ಎರಡನ್ನೂ ಒಣ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ವಾಪಸ್ ಕೊಟ್ಟು ಬಂದರು. ದುಡ್ಡು ಮಾತ್ರ ವಾಪಸ್ ಬರಲಿಲ್ಲವಂತೆ.

ಇದು ಹೆದರಿಸಲು ಹೇಳುವ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಕೀಟನಾಶಕ ಸಿಂಪಡಿಸಿದ್ದ ಬಾಡಿಗೆ ಮನೆಗೆ ವಾಪಸಾದ ಕುಟುಂಬ ಅಸ್ವಸ್ಥಗೊಂಡು ಎಂಟು ವರ್ಷದ ಹುಡುಗಿ ತೀರಿಕೊಂಡಳು. ಮರುವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ವಿದ್ಯಾರ್ಥಿ ನಿಲಯದಲ್ಲಿ ಇಲಿ ಔಷಧಿ ಹಾಕಿದ ರಾತ್ರಿ 19 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. 2024ರ ನವೆಂಬರ್‌ನಲ್ಲಿ ಚೆನ್ನೈ ಹೊರವಲಯದ ಕುಂದ್ರತ್ತೂರಿನಲ್ಲಿ ಇಲಿ ಕಾಟಕ್ಕೆಂದು ಮನೆಯೊಳಗೆ ಹಾಕಿಸಿದ್ದ ವಿಷದಿಂದ ಇಬ್ಬರು ಪುಟ್ಟ ಮಕ್ಕಳು ಸತ್ತರು. ಮೂರೂ ಕಡೆ ಯಾರಿಗೂ ಕೇಡು ಬಯಸಿ ಹಾಕಿದ್ದಲ್ಲ. ಬಾಗಿಲು ಹಾಕಿದ ಕೋಣೆ, ಅದರೊಳಗೆ ವಿಷ, ಅದರೊಳಗೇ ಜನ.

ರಾಗಿಗೆ ಹುಳ ಬೀಳಲ್ಲ, ಅವರೆಗೆ ಯಾಕೆ?

ಇದು ದೊಡ್ಡಮ್ಮನ ಎರಡನೇ ಪ್ರಶ್ನೆ, ಮೊದಲನೆಯದಕ್ಕಿಂತ ಒಳ್ಳೆಯ ಪ್ರಶ್ನೆ. ಅಕ್ಕಿಯ ಮೂತಿಹುಳು ತನ್ನ ಮೊಟ್ಟೆಯನ್ನು ಕಾಳಿನೊಳಗೆ ಇಡುತ್ತದೆ. ಮರಿ ಒಂದು ಕಾಳಿನೊಳಗೇ ತಿಂದು, ಬೆಳೆದು, ತೂತು ಮಾಡಿಕೊಂಡು ಹೊರಬರುತ್ತದೆ. ರಾಗಿ ಕಾಳು ಅದಕ್ಕೆ ಮನೆಯಾಗುವಷ್ಟು ದೊಡ್ಡದಲ್ಲ. ಒಣಗಿಸಿಟ್ಟ ರಾಗಿ ವರ್ಷಗಟ್ಟಲೆ ಕೆಡದಿರುವುದರ ಗುಟ್ಟು ಇದು, ಯಾವ ಸೊಪ್ಪಿನ ಮಹಿಮೆಯೂ ಅಲ್ಲ. ಹಿಟ್ಟು ಮಾಡಿಸಿದ ಮೇಲೆ ಕಥೆ ಬೇರೆ. ಹಿಟ್ಟಿನ ಹುಳುವಿಗೆ ಇಡೀ ಕಾಳು ಬೇಕಿಲ್ಲ. ಅದಕ್ಕೇ ರಾಗಿಯನ್ನು ಬೇಕಾದಷ್ಟೇ ಬೀಸಿಸುವುದು ಒಳ್ಳೆಯದು.

ಅವರೆ, ತೊಗರಿ, ಅಲಸಂದೆಯ ಹುಳು ಬೇರೆ ಜಾತಿ. ಅದು ಹೊಲದಲ್ಲೇ ಒಣಗುತ್ತಿರುವ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ. ಅಂದರೆ ಮನೆಯಲ್ಲಿ ಡಬ್ಬಿ ಎಷ್ಟೇ ಸ್ವಚ್ಛವಾಗಿದ್ದರೂ ಹುಳು ಮೂಟೆಯ ಜೊತೆಗೇ ಮನೆಗೆ ಬಂದಿರುತ್ತದೆ. ಮಾಗಡಿಯ ಅವರೆ ಬೆಂಗಳೂರಿಗೆಲ್ಲ ಹೋಗುತ್ತದೆ, ಅದರ ಜೊತೆ ಇದೂ ಹೋಗುತ್ತದೆ. "ಬೇವಿನ ಸೊಪ್ಪು ಇಟ್ಟಿದ್ದೆ, ಆದರೂ ಹುಳ ಬಿತ್ತು" ಎನ್ನುವವರಿಗೆ ಉತ್ತರ ಇಲ್ಲಿದೆ. ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹೊರಗಿನಿಂದ ಬರುವ ಹುಳುವನ್ನು ಸ್ವಲ್ಪ ಮಟ್ಟಿಗೆ ದೂರ ಇಡಬಹುದು. ಕಾಳಿನೊಳಗೆ ಈಗಾಗಲೇ ಇರುವ ಮರಿಯನ್ನು ಏನೂ ಮಾಡವು. ಲವಂಗ, ಒಣಮೆಣಸಿನಕಾಯಿಯದೂ ಇದೇ ಪಾಡು.

ಕೆಲಸ ಮಾಡುವ ಉಪಾಯಗಳು ನಮ್ಮಲ್ಲೇ ಇವೆ. ಕಾಳನ್ನು ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ತೆಳ್ಳಗೆ ಹರಡಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ ಎನ್ನುವಷ್ಟು ಒಣಗಿಸಬೇಕು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಮೇಲೊಂದು ಪಾರದರ್ಶಕ ಹಾಳೆ ಮುಚ್ಚಿದರೆ ಒಳಗಿನ ಕಾವು 55 ಡಿಗ್ರಿ ದಾಟುತ್ತದೆ, ಒಂದು ಗಂಟೆಗೂ ಹೆಚ್ಚು ಹಾಗೇ ಇದ್ದರೆ ಮೊಟ್ಟೆ ಮರಿಗಳು ಸಾಯುತ್ತವೆ. ಬಿತ್ತನೆಗೆ ಇಡುವ ಕಾಳಿಗೆ ಮಾತ್ರ ಇಷ್ಟು ಕಾವು ಕೊಡುವ ಮುಂಚೆ ಯೋಚಿಸಿ. ಅದಕ್ಕೆ ಹಳಬರ ಕೆಮ್ಮಣ್ಣು ಕಟ್ಟುವ ಪದ್ಧತಿ ಇದೆ. ಕೆಮ್ಮಣ್ಣಿನ ಬಗ್ಗಡದಲ್ಲಿ ಅದ್ದಿ ಒಣಗಿಸಿದ ಕಾಳಿನ ಮೈಗೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ನುಣ್ಣನೆ ಮಣ್ಣು ಹುಳುವಿನ ಮೈಯ ಮೇಣವನ್ನು ಉಜ್ಜಿ ಅದರ ನೀರನ್ನು ಆರಿಸುತ್ತದೆ. ಒಣ ಸೀಮೆಯಲ್ಲಿ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ಒಲೆಯ ಬೂದಿ ಬೆರೆಸುವುದೂ ಇದೇ ತತ್ವ. ಅಡುಗೆಗೆ ಇಡುವ ಬೇಳೆಕಾಳಿಗೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಅಥವಾ ಅಡುಗೆ ಎಣ್ಣೆ ಸವರಿ ಇಟ್ಟರೆ ಮೊಟ್ಟೆಗೆ ಉಸಿರು ಸಿಗದೆ ಸಾಯುತ್ತದೆ. ಇದನ್ನು ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದ್ದಾರೆ, ಅಜ್ಜಿ ಹೇಳಿದ್ದು ಎಂಬ ಕಾರಣಕ್ಕೆ ನಾನು ಹೇಳುತ್ತಿಲ್ಲ.

ಹಗೇವಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಂದೆ ನಮ್ಮ ಸೀಮೆಯಲ್ಲಿ ರಾಗಿಯನ್ನು ನೆಲದೊಳಗೆ ಕಡಿದ ಹಗೇವಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಮೇಲೆ ಕಾಳು ಮತ್ತು ಒಳಗಿರುವ ಹುಳುಗಳು ಉಸಿರಾಡಿ ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಉಸಿರು ಕಟ್ಟಿ ಸಾಯುತ್ತದೆ. ಇದರಲ್ಲಿ ವಿಷ ಎಂಬುದೇ ಇಲ್ಲ, ಆದರೂ ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಬದುಕುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮುಚ್ಚಿದ ಜಾಗದ ಗಾಳಿಯನ್ನು ಅಷ್ಟು ಅನುಮಾನದಿಂದ ನೋಡಿದ ಊರಿನಲ್ಲೇ ಇವತ್ತು ಬಾಗಿಲು ಹಾಕಿ ಗುಳಿಗೆ ಇಡುವ ಮೆಸೇಜ್ ಓಡಾಡುತ್ತಿದೆ.

ಹಗೇವನ್ನು ಇವತ್ತು ಮನೆಯಲ್ಲಿ ಮಾಡಬೇಕೆಂದರೆ ಗುಂಡಿ ತೋಡಬೇಕಿಲ್ಲ. ಚೆನ್ನಾಗಿ ಒಣಗಿದ ಕಾಳನ್ನು ಗಟ್ಟಿ ಮುಚ್ಚಳದ ಡ್ರಮ್ ಅಥವಾ ನೀರಿನ ಖಾಲಿ ಬಾಟಲಿಗೆ ಕತ್ತಿನವರೆಗೂ ತುಂಬಿ, ಅಲ್ಲಾಡಿಸಿ ಸಂದಿ ಇಲ್ಲದಂತೆ ಮಾಡಿ ಬಿಗಿಯಾಗಿ ಮುಚ್ಚಿ. ಒಂದು ತಿಂಗಳು ತೆಗೆಯಬೇಡಿ. ದಿನಾ ತೆರೆದು ಮುಚ್ಚುವ ಡಬ್ಬಿಗೆ ಇದು ನಡೆಯುವುದಿಲ್ಲ. ಒದ್ದೆ ಕಾಳು ತುಂಬಿದರೆ ಬೂಷ್ಟು ಬರುತ್ತದೆ. ಪೇಟೆಯಲ್ಲಿ ಗಾಳಿ ಆಡದ ಮೂರು ಪದರದ ಚೀಲಗಳೂ ಸಿಗುತ್ತವೆ. ರವೆ, ಮೈದಾ ತರಹದ ಸಣ್ಣ ಪೊಟ್ಟಣಗಳನ್ನು ಫ್ರಿಜ್‌ನ ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟು ತೆಗೆದರೂ ಸಾಕು.

ಇಲಿ ಪೇಸ್ಟು: ಎರಡು ದಿನದ ಮೋಸ

ರಾಗಿ ಕೊಯ್ಲು ಮುಗಿದು ಹೊಲ ಬರಿದಾಗುವ ಹೊತ್ತಿಗೆ ಚಳಿಯೂ ಬರುತ್ತದೆ. ಹೊಲದಲ್ಲಿ ತೆನೆ ತಿಂದುಕೊಂಡಿದ್ದ ಇಲಿಗಳು ಆಗ ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ ಸೇರುತ್ತವೆ. ಅದೇ ಸಮಯಕ್ಕೆ ಫಾರ್ವರ್ಡ್‌ಗಳೂ ಬರುತ್ತವೆ. ಟೊಮೆಟೊ ಹೋಳಿನ ಮೇಲೆ ಪೇಸ್ಟು ಸವರಿ ಇಡಿ ಎಂಬುದು ಅದರಲ್ಲಿ ಒಂದು.

ಟೂತ್‌ಪೇಸ್ಟಿನಂತೆ ಟ್ಯೂಬಿನಲ್ಲಿ ಬರುವ ಕೆಲವು ಇಲಿ ಪೇಸ್ಟುಗಳಲ್ಲಿ ಇರುವುದು ಹಳದಿ ರಂಜಕ. ಇದರ ನಡವಳಿಕೆ ತುಂಬ ಮೋಸದ್ದು. ಮಗುವಿನ ಬಾಯಿಗೆ ಹೋದರೆ ಮೊದಲ ದಿನ ವಾಂತಿ, ಹೊಟ್ಟೆನೋವು ಇರಬಹುದು. ಆಮೇಲೆ ಒಂದೆರಡು ದಿನ ಏನೂ ಇಲ್ಲ, ಮಗು ಆಡಿಕೊಂಡಿರುತ್ತದೆ. ವಾಸಿಯಾಯಿತು ಎಂದು ಮನೆಗೆ ಕರೆದುಕೊಂಡು ಬರುತ್ತಾರೆ. ಅಷ್ಟರಲ್ಲಿ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಕಾಮಾಲೆ ಕಾಣಿಸಿಕೊಂಡ ಮೇಲೆ ದೊಡ್ಡ ಆಸ್ಪತ್ರೆಗೆ ಓಡಬೇಕಾಗುತ್ತದೆ. ಇದಕ್ಕೂ ಪ್ರತಿವಿಷ ಇಲ್ಲ. ಪೇಸ್ಟು ಬಾಯಿಗೆ ಹೋಗಿದೆ ಎಂಬ ಅನುಮಾನ ಇದ್ದರೆ ಮಗು ಎಷ್ಟೇ ಚೆನ್ನಾಗಿ ಕಂಡರೂ ಆಸ್ಪತ್ರೆ ಬಿಟ್ಟು ಬರಬೇಡಿ, ಪೇಸ್ಟಿನ ಹೆಸರನ್ನು ವೈದ್ಯರಿಗೆ ಹೇಳಿ.

ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಾಗಿದಾಗ ಗುಳಿಗೆಯದೇ ಅನಿಲವನ್ನು ಬಿಡುತ್ತದೆ. ಬ್ರೋಮಾಡಿಯೋಲೋನ್ ಎಂಬ ಔಷಧಿಯ ಬಿಲ್ಲೆಗಳು ಇವೆರಡಕ್ಕಿಂತ ವಾಸಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕೈದು ದಿನಕ್ಕೆ ಇಲಿಯನ್ನು ಕೊಲ್ಲುತ್ತದೆ, ಮನುಷ್ಯರಿಗೆ ಹೋದರೆ ವಿಟಮಿನ್ ಕೆ ಎಂಬ ಮದ್ದು ಇದೆ. ಆದರೂ ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಗಳಿಗೆ ಅಪಾಯ ತಪ್ಪದು. ಮನೆಯ ಬೆಕ್ಕು ಸತ್ತರೆ ಮುಂದಿನ ವರ್ಷ ಇಲಿ ಯಾರು ಹಿಡಿಯುತ್ತಾರೆ?

ವಿಷದ ಮಾತು ಬಂದಾಗ ಇನ್ನೊಂದನ್ನು ನೇರವಾಗಿ ಹೇಳಬೇಕು. ಒಂದು ಗಳಿಗೆಯ ಸಿಟ್ಟಿಗೋ ದುಃಖಕ್ಕೋ ಮನೆಯವರು ಜೀವ ಕಳೆದುಕೊಂಡ ಎಷ್ಟೋ ಕಡೆ ವಿಷ ಮನೆಯಲ್ಲೇ ಕೈಗೆ ಸಿಗುವಂತಿತ್ತು. ಇಲಿಗೆಂದು ತಂದದ್ದನ್ನು ಮನೆಯಲ್ಲಿ ಉಳಿಸಿಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ. ಮನಸ್ಸು ಭಾರವಾದವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೋನು ಹಳೆಯದಾದರೂ ಒಳ್ಳೆಯದು, ಇಡುವ ಕ್ರಮ ಗೊತ್ತಿರಬೇಕು ಅಷ್ಟೆ. ಇಲಿ ಹೊಸ ವಸ್ತುವನ್ನು ಕಂಡರೆ ಹಿಂಜರಿಯುತ್ತದೆ. ಎರಡು ಮೂರು ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರು ಇಟ್ಟು ಅಭ್ಯಾಸ ಮಾಡಿಸಿ. ಆಮೇಲೆ ಬಾಗಿಲು ಬೀಳುವಂತೆ ಇಡಿ. ಕೋಣೆಯ ನಡುವೆ ಬೇಡ, ಗೋಡೆಗೆ ಒತ್ತಿದಂತೆ ಇಡಿ, ಇಲಿ ಗೋಡೆ ಸವರಿಕೊಂಡೇ ಓಡಾಡುತ್ತದೆ. ದೊಡ್ಡ ಇಲಿ ಅರ್ಧ ಇಂಚಿನ ತೂತಿನಲ್ಲಿ ತೂರುತ್ತದೆ, ಸುಂಡಿಲಿಗೆ ಪೆನ್ಸಿಲ್ ತೂರುವ ತೂತು ಸಾಕು. ಆ ತೂತುಗಳನ್ನು ಬಟ್ಟೆ, ಪೇಪರು ತುರುಕಿ ಮುಚ್ಚಿದರೆ ಕಡಿದು ಹಾಕುತ್ತದೆ. ಗಾಜಿನ ಚೂರು ಬೆರೆಸಿದ ಸಿಮೆಂಟು, ತಂತಿ ಜಾಲರಿ ಬೇಕು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಮನೆಯಲ್ಲಿ ಇಲಿ ಬಿದ್ದರೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲವೂ ಇತ್ತು. ಪ್ಲೇಗ್ ಮಾರಮ್ಮನ ಗುಡಿಗಳು ಇನ್ನೂ ಇವೆ.

ವಿಷ ಹಾಕಲಾಗದ ಮನೆ

ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದಲ್ಲಿ (2025ರಿಂದ ಇದು ಬೆಂಗಳೂರು ದಕ್ಷಿಣ ಜಿಲ್ಲೆ) ಯಾವ ವಿಷವನ್ನೂ ಹಾಕಲಾಗದ ಒಂದು ಬಗೆಯ ಮನೆಯಿದೆ. ಅದು ರೇಷ್ಮೆ ಹುಳು ಸಾಕುವ ಮನೆ. ರೇಷ್ಮೆ ಹುಳುವೂ ಒಂದು ಕೀಟ. ಜಿರಳೆಗೆ ಹೊಡೆದದ್ದು ಅದಕ್ಕೂ ತಾಗುತ್ತದೆ. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿದ್ದರೂ ಬೆಳೆ ಹೋಗುತ್ತದೆ. ಹುಳು ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದರೆ ಬೈಗುಳ ಖಂಡಿತ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಗೂಡೆಲ್ಲ ಇಂಥ ಮನೆಗಳಲ್ಲಿ ಆದದ್ದು.

ಹಾಗಂತ ಅಲ್ಲಿ ಇರುವೆ, ಇಲಿ, ಹಲ್ಲಿ ಬರುವುದಿಲ್ಲವೇ? ಎಲ್ಲಕ್ಕೂ ಆ ಹುಳುವೇ ಬೇಕು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಹೇಗೋ ಊಜಿ ನೊಣವೂ ಕರ್ನಾಟಕಕ್ಕೆ ಬಂತು. ಅದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ತಿನ್ನುತ್ತದೆ. ಔಷಧಿ ಹೊಡೆಯುವಂತಿಲ್ಲ. ಆಗ ರೈತರು ಮತ್ತು ರೇಷ್ಮೆ ಇಲಾಖೆಯವರು ಏನು ಮಾಡಿದರು? ಕಿಟಕಿ ಬಾಗಿಲಿಗೆ ನೈಲಾನ್ ಪರದೆ. ಒಳಗೆ ಹೋಗಲು ಎರಡು ಬಾಗಿಲು, ಒಂದು ಹಾಕಿದ ಮೇಲೆ ಇನ್ನೊಂದು ತೆಗೆಯುವುದು. ನೆಲದ ಬಿರುಕಿಗೆ ಸಿಮೆಂಟು, ಯಾಕೆಂದರೆ ಊಜಿಯ ಮರಿ ಬಿರುಕಿನಲ್ಲಿ ಕೋಶ ಕಟ್ಟುತ್ತದೆ. ಆ ಕೋಶವನ್ನು ತಿನ್ನುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಸಾಕಿ ಬಿಡುವುದು. ಇರುವೆಗೆ ಹುಳು ಅಟ್ಟಣಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ಬೆಳೆ ಮುಗಿದ ಮೇಲೆ ಕಸ ಗುಡಿಸಿ, ತೊಳೆದು, ಸೋಂಕು ನಿವಾರಕ ಹೊಡೆಯುವುದು.

ಇದನ್ನೇ ಕೃಷಿ ವಿಜ್ಞಾನದಲ್ಲಿ ಸಮಗ್ರ ಕೀಟ ನಿರ್ವಹಣೆ ಎನ್ನುತ್ತಾರೆ. ಬರುವ ದಾರಿ ಮುಚ್ಚು, ಅನ್ನ ನೀರು ಸಿಗದಂತೆ ಮಾಡು, ಅಡಗುವ ಜಾಗ ಇಲ್ಲವಾಗಿಸು, ಕೊನೆಗೂ ಬೇಕಾದರೆ ಔಷಧಿ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಹದಿನೈದು ವರ್ಷದ ಹಿಂದಿನವರೆಗೂ ಹುಳು ಸಾಕುತ್ತಿದ್ದರು. ಸಾವಿರಾರು ಹುಳುಗಳಿಗೆ ವಿಷ ತಾಗದಂತೆ ನೋಡಿಕೊಂಡವರಿಗೆ ಇದನ್ನೆಲ್ಲ ನಾನು ಕಲಿಸಬೇಕಿಲ್ಲ. "ಮೊಮ್ಮಕ್ಕಳು ಮಲಗೋ ಕೋಣೆನ ಹುಳು ಮನೆ ಅನ್ಕೊ ದೊಡ್ಡಮ್ಮ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ ಬಿಡು, ಗೊತ್ತಾಯ್ತು" ಅಂದರು.

ಜಿರಳೆಗೂ ಇದೇ ನಿಯಮ. ರಾತ್ರಿ ಸಿಂಕ್ ಒಣಗಿಸಿ, ಸಿಲಿಂಡರ್ ಹಿಂದಿನ ಎಣ್ಣೆ ಜಿಡ್ಡು ಒರೆಸಿ, ಬಚ್ಚಲ ತೂತಿಗೆ ಜಾಲರಿ ಹಾಕಿ. ಉಳಿದದ್ದಕ್ಕೆ ಬಾಗಿಲ ಸಂದಿಯಲ್ಲಿ ಸಾಸಿವೆಯಷ್ಟು ಇಡುವ ಜಿರಳೆ ಜೆಲ್ ಸಾಕು. ಮನೆಯೆಲ್ಲ ಸಿಂಪಡಿಸುವುದಕ್ಕಿಂತ ಅದರಲ್ಲಿ ವಿಷ ಎಷ್ಟೋ ಕಡಿಮೆ ಹರಡುತ್ತದೆ. ಜಿರಳೆ ಚಾಕ್ ನೋಡಲು ಸ್ಲೇಟಿನ ಬಳಪದಂತೆಯೇ ಇರುತ್ತದೆ. ಅದು ಕೀಟನಾಶಕ, ಮಕ್ಕಳಿರುವ ಮನೆಗೆ ಬೇಡ. ತಿಗಣೆ, ಜಿರಳೆಗೆ ಹಿಂದೆ ಜನ ನುವಾನ್ ಎಂದು ಕರೆಯುತ್ತಿದ್ದ ಡೈಕ್ಲೋರ್ವಾಸ್ ಹೊಡೆಯುತ್ತಿದ್ದರು. ಅದನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೇ ಬಾಟಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಬಳಸಬೇಡಿ.

ನೀರು ಕಡಿಮೆ ಇರುವ ಊರಿನಲ್ಲಿ ಡೆಂಗಿ ಯಾಕೆ?

"ಎತ್ತರದ ಜಾಗದಲ್ಲಿ, ಒಣ ಊರಲ್ಲಿ ಸೊಳ್ಳೆ ಬದುಕಲ್ಲ" ಎಂಬ ಮಾತನ್ನು ನಂಬಬೇಡಿ. 900 ಮೀಟರ್ ಡೆಂಗಿ ಸೊಳ್ಳೆಗೆ ಎತ್ತರವೇ ಅಲ್ಲ, ಬೆಂಗಳೂರೇ ಸಾಕ್ಷಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಒಣ ಸೀಮೆ ಈ ಸೊಳ್ಳೆಗೆ ಒಂದು ರೀತಿಯಲ್ಲಿ ಅನುಕೂಲವೇ. ನಲ್ಲಿ ನೀರು ದಿನಾ ಬರುವುದಿಲ್ಲ, ಆದ್ದರಿಂದ ನಾವು ಡ್ರಮ್ಮು, ತೊಟ್ಟಿ, ಸಂಪಿನಲ್ಲಿ ಹಿಡಿದಿಡುತ್ತೇವೆ. ಡೆಂಗಿ ಸೊಳ್ಳೆಗೆ ಬೇಕಾದದ್ದು ಚರಂಡಿಯಲ್ಲ, ಇಂಥ ಸ್ವಚ್ಛ ನಿಂತ ನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಮೊಟ್ಟೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಡ್ರಮ್ಮಿನ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿ ಒಣಗಿಸಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಗೋಡೆಯನ್ನು ತೆಂಗಿನ ನಾರಿನಲ್ಲಿ ಗಸಗಸ ಉಜ್ಜಬೇಕು. ಉಜ್ಜಲಾಗದ ಸಂಪಿಗೆ ಬಿಗಿ ಮುಚ್ಚಳ, ದನದ ತೊಟ್ಟಿಗೆ ಆರೋಗ್ಯ ಇಲಾಖೆಯವರು ಕೊಡುವ ಲಾರ್ವಾ ತಿನ್ನುವ ಮೀನು. ಮೇಲೆ ಹೇಳಿದ ಇರುವೆಯ ನೀರಿನ ಬಟ್ಟಲನ್ನೂ ಮರೆಯಬೇಡಿ.

ಸೊಳ್ಳೆ ಬತ್ತಿಯ ಬಗ್ಗೆ "ಒಂದು ಬತ್ತಿ ನೂರು ಸಿಗರೇಟಿಗೆ ಸಮ" ಎಂಬ ಫಾರ್ವರ್ಡ್ ನೋಡಿರುತ್ತೀರಿ. ಇದು ಪೂರ್ತಿ ಸುಳ್ಳಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಬತ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟಿನಷ್ಟಿತ್ತು. ಅದು ಕಣಗಳ ಲೆಕ್ಕ ಮಾತ್ರ, ಕ್ಯಾನ್ಸರಿನ ಲೆಕ್ಕವಲ್ಲ. ಆದರೂ ಮಗು ಮಲಗುವ ಮುಚ್ಚಿದ ಕೋಣೆಗೆ ಪರದೆಯೇ ಲೇಸು.

ಇನ್ನು ಕೆಲವು, ಬೇಗ ಬೇಗ

ಹಲ್ಲಿ ಬಿದ್ದ ಊಟ ವಿಷವಾಗುತ್ತದೆ: ನಮ್ಮ ಮನೆಯ ಹಲ್ಲಿಗೆ ವಿಷವಿಲ್ಲ. ಆದರೆ ಅದರ ಹಿಕ್ಕೆಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆದ್ದರಿಂದ ಊಟ ಚೆಲ್ಲುವುದೇ ಸರಿ.

ಗೋಡೆಗೆ ಸಿಕ್ಕಿಸುವ ಶಬ್ದದ ಯಂತ್ರ ಇಲಿಯನ್ನು ಓಡಿಸುತ್ತದೆ: ದುಡ್ಡು ದಂಡ. ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಅರವತ್ತಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ ಆಧಾರವಿಲ್ಲದ ಜಾಹೀರಾತಿನ ಬಗ್ಗೆ ಎಚ್ಚರಿಕೆ ಪತ್ರ ಬರೆದಿತ್ತು.

ಮಗುವಿನ ಬಟ್ಟೆಗೆ ನುಸಿಗುಳಿಗೆ: ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ನ್ಯಾಫ್ತಲೀನ್ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಬರಬಹುದು. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ.

ಗೆದ್ದಲಿಗೆ ಹುತ್ತಕ್ಕೆ ಸೀಮೆಎಣ್ಣೆ ಸುರಿಯಿರಿ: ಮನೆಯ ಬಾಗಿಲ ಚೌಕಟ್ಟು ತಿನ್ನುವ ಗೆದ್ದಲು ಹೊಲದ ಹುತ್ತದ್ದೇ ಆಗಿರಬೇಕಿಲ್ಲ, ನೆಲ ಮಾತ್ರ ಕೆಡುತ್ತದೆ. ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ಕೆರೆದು ತೆಗೆಯಿರಿ, ಸೋರುವ ಪೈಪು ಸರಿ ಮಾಡಿಸಿ. ಗೆದ್ದಲಿಗೆ ತೇವ ಬೇಕೇ ಬೇಕು.

ವಿಷ ತಾಗಿದೆ ಎಂದು ಅನುಮಾನ ಬಂದರೆ

ಕೋಣೆಯಲ್ಲಿ ಗುಳಿಗೆ ಇಟ್ಟಿದ್ದರೆ ಮೊದಲು ಎಲ್ಲರನ್ನೂ ಹೊರಗೆ ಗಾಳಿಗೆ ಕರೆತನ್ನಿ. ಬಾಗಿಲು ತೆರೆದಿಡಿ. ಗುಳಿಗೆಯ ಮೇಲೆ ನೀರು ಹಾಕಬೇಡಿ, ಬಚ್ಚಲಿಗೆ ಎಸೆಯಬೇಡಿ, ಅದರಿಂದ ಅನಿಲ ಒಮ್ಮೆಲೇ ಹೆಚ್ಚುತ್ತದೆ. ಬಾಯಿಗೆ ಹೋಗಿದ್ದರೆ ಉಪ್ಪುನೀರು, ಮಜ್ಜಿಗೆ, ಮೊಟ್ಟೆ ಏನನ್ನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಪೊಟ್ಟಣ, ಟ್ಯೂಬು, ಪೇಪರಿನ ಚೂರು ಏನು ಸಿಕ್ಕರೂ ಆಸ್ಪತ್ರೆಗೆ ಜೊತೆಗೆ ಒಯ್ಯಿರಿ. ಕನಿಷ್ಠ ಫೋನಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಆಂಬುಲೆನ್ಸ್‌ಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117, ದಿನದ 24 ಗಂಟೆಯೂ ಇರುತ್ತದೆ. ಈ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಓದಲು ಬಾರದ ಹಿರಿಯರಿದ್ದರೆ ಅವರ ಫೋನಿನಲ್ಲಿ ನೀವೇ ಹಾಕಿಕೊಡಿ.